ಗುಜರಿಗೆ ಹಾಕುವ ಮುನ್ನ



ಹೋಟೆಲಿನ ಪಾಳಿಯಲ್ಲಿ ಉಳಿಸಿದ ಹಣದಿಂದ, ಮಗಳ ಓದಿಗೆಂದು ಪುಣೆಯ ಜುನಾ ಬಜಾರಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೊಂಡೆ. ಅದು ಒಂದು ತಂತ್ರಾಂಶವನ್ನೂ ಇಳಿಸಿಕೊಳ್ಳಲೊಲ್ಲದು. ದುರಸ್ತಿಯವನು, “ಗುಜರಿಗೆ ಹಾಕಿರಿ” ಎಂದ. ನನಗೆ ಎದೆಯೊಡೆದಂತಾಯಿತು.

ದೋಷವನ್ನು ಕಂಡುಹಿಡಿದವಳು ಮಗಳೇ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು, ತಾರೀಖು ವರುಷಗಟ್ಟಲೆ ಹಿಂದಕ್ಕೆ ಸರಿದಿತ್ತು. ತಾರೀಖು ತಪ್ಪಿದರೆ ಅಂತರ್ಜಾಲದ ಭದ್ರತಾಪತ್ರಗಳನ್ನು ಯಂತ್ರ ನಂಬದು. ‘ಸಿಆರ್ 2032’ ಬ್ಯಾಟರಿ ಹಾಕಿ, ತಾರೀಖು ತಿದ್ದಿದೆವು, ಕೆಲಸ ಸಾಗಿತು.

ಆದುದರಿಂದ ಮೊದಲು ತಾರೀಖು ನೋಡಿರಿ. ಬಳಿಕ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿರಿ. 32 ಬಿಟ್‌ನ ವಿಂಡೋಸಿನಲ್ಲಿ 64 ಬಿಟ್‌ನ ತಂತ್ರಾಂಶ ನಡೆಯದು. ತೆರೆಯ ಮೇಲಿನ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ. ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ.