ನಾದೋಪಾಸನೆಯೂ ಪರೀಕ್ಷೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸಂಗೀತ ಪಾಠಶಾಲೆಯ ವಿದ್ಯಾರ್ಥಿಗಳ ಸನ್ಮಾನಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂದಿನದು ಮಕ್ಕಳ ಸಭೆಯಾಗಿರುತ್ತದೆ. ಶ್ರೀಮಠದ ಸಂಗೀತ ಪಾಠಶಾಲೆಯಲ್ಲಿ ಕಲಿತು ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿದ ಬಾಲಕ ಬಾಲಕಿಯರು ಮುಂದಿನ ಸಾಲಿನಲ್ಲಿ ಕುಳಿತಿರುವರು. ಅವರಲ್ಲಿ ಒಕ್ಕಲುತನದ ಮನೆಯ ಮಕ್ಕಳುಂಟು, ನೇಕಾರರ ಮನೆಯ ಹೆಣ್ಣುಮಕ್ಕಳುಂಟು, ಹುಟ್ಟಿನಿಂದಲೇ ದೃಷ್ಟಿಯಿಲ್ಲದವರೂ ಉಂಟು. ಶ್ರೀಗಳವರು ತಮ್ಮ ಅಮೃತಹಸ್ತದಿಂದ ಅವರಿಗೆ ಶಾಲು ಹೊದಿಸಿ ಆಶೀರ್ವದಿಸಲಿರುವುದರಿಂದ ಹೆತ್ತವರು ಹಿಗ್ಗುವುದು ಸಹಜವೇ ಸರಿ.

ಆದರೆ ಇದೇ ಮಠದ ಅಂಗಳದಲ್ಲಿ ಕೆಲವರು ಹಿರಿಯ ಭಕ್ತರು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆಯೊಂದುಂಟು. ಲಿಂಗಪೂಜೆಯ ವೇಳೆಯಲ್ಲಿ ಹಾಡುವ ಹಾಡಿಗೆ ಅಂಕವೇತಕ್ಕೆ? ಶಿವನಿಗೆ ಮುಡಿಪಾದ ಕಂಠವನ್ನು ಪರಸ್ಥಳದ ಪರೀಕ್ಷಕನ ಮುಂದೆ ನಿಲ್ಲಿಸಿ ನೂರಕ್ಕೆ ಇಷ್ಟೆಂದು ತೂಗಿಸುವುದು ಮಠಕ್ಕೆ ಒಪ್ಪುವ ಮಾತೇ? ಈ ಪ್ರಶ್ನೆಯು ಹಗುರವಾದುದಲ್ಲ. ಬಸವಣ್ಣನವರೇ ಒಂದು ವಚನದಲ್ಲಿ ತಾಳದ ಲೆಕ್ಕವಾಗಲಿ ಛಂದಸ್ಸಿನ ಲೆಕ್ಕವಾಗಲಿ ತಮಗೆ ತಿಳಿಯದೆಂದು ಹೇಳಿಕೊಂಡಿರುವರು. ಅಣ್ಣನವರಿಗೆ ಬೇಡವಾದ ಲೆಕ್ಕವು ಈ ಎಳೆಯ ಮಕ್ಕಳಿಗೇಕೆಂದು ಹಿರಿಯರು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ.

ಆದರೂ ಆ ವಚನವು ವಿನಯದ ನುಡಿಯೇ ಹೊರತು ಅಭ್ಯಾಸಕ್ಕೆ ಕೊಟ್ಟ ವಿನಾಯಿತಿಯಲ್ಲ. ತಮ್ಮ ಶರೀರವೇ ಶಿವನು ನುಡಿಸುವ ವೀಣೆಯಾಗಲೆಂದು ಬೇಡಿದವರೂ ಅವರೇ. ವೀಣೆಯಾದ ಮೇಲೆ ತಂತಿಯನ್ನು ಶ್ರುತಿಗೂಡಿಸದೆ ಬಿಡುವುದುಂಟೆ? ಬಸವಣ್ಣನವರ ತರುವಾಯ ಬಂದ ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ಸಕಲ ಶಾಸ್ತ್ರಗಳ ಸಾರವನ್ನು ಸಂಗ್ರಹಿಸುವಾಗ ಸಂಗೀತವನ್ನು ಹೊರಗಿಡಲಿಲ್ಲ. ಅವರ ಕೈವಲ್ಯಪದ್ಧತಿಯ ಪದಗಳಾದರೋ ರಾಗಬದ್ಧವಾಗಿ ಹಾಡಲೆಂದೇ ಹುಟ್ಟಿದವು. ವಿರಕ್ತನಿಗೆ ರಾಗವು ಸಲ್ಲದೆಂಬ ಮಾತು ಬೇರೊಂದು ರಾಗವನ್ನು ಕುರಿತದ್ದು.

ಇನ್ನು ಪರೀಕ್ಷೆಯ ಮಾತು. ಈ ಪದ್ಧತಿಯು ಮಠದವರಿಗೆ ಪರಕೀಯವೆಂದು ತಿಳಿದವರು ಅದರ ಮೂಲವನ್ನು ಸ್ವಲ್ಪ ನೋಡಬೇಕು. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಓದಿನ ದಾರಿ ಕಟ್ಟಿಹೋಗಲಾಗಿ ಅವರನ್ನು ಮೀರಜಿಯಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಸಂಗೀತಕ್ಕೆ ಬಿಟ್ಟರು. ಆ ಬಾಲಕನೇ ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಸಂಗೀತಕ್ಕೆ ತರಗತಿ, ಪಠ್ಯಪುಸ್ತಕ, ಪರೀಕ್ಷೆ ಎಂಬ ಕ್ರಮವನ್ನು ತಂದರು. ಅದುವರೆಗೆ ಉಸ್ತಾದರ ಮನೆಯಲ್ಲಿ ಬಿಗಿಯಾಗಿ ಮುಚ್ಚಿದ್ದ ವಿದ್ಯೆಯ ಬಾಗಿಲು ಸಾಮಾನ್ಯರ ಮಕ್ಕಳಿಗೂ ತೆರೆಯಿತು. ಅದೇ ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯರು ನೀಲಕಂಠಬುವಾ ಆಲೂರಮಠರು. ಇವರಲ್ಲಿ ಕಲಿತವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಮತ್ತು ಮಲ್ಲಿಕಾರ್ಜುನ ಮನ್ಸೂರರು. ಹೀಗೆ ಪರೀಕ್ಷೆಯನ್ನು ತಂದ ಕೈಯೂ ಮಠದ ಮಕ್ಕಳಿಗೆ ಗಾನವನ್ನು ಕೊಟ್ಟ ಕೈಯೂ ಒಂದೇ ಗುರುಮನೆಯಿಂದ ಬಂದವಾಗಿವೆ.

ಪಂಚಾಕ್ಷರಿ ಗವಾಯಿಗಳ ಕಥೆಯನ್ನು ಅರಿಯದವರು ಈ ಸಭೆಯಲ್ಲಿರಲಾರರು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಅಂಧ ಬಾಲಕನ ಕಂಠವನ್ನು ಕೇಳಿ ಹಾನಗಲ್ಲ ಕುಮಾರ ಶಿವಯೋಗಿಗಳು ಕರೆದುಕೊಂಡು ಸಾಕಿದರು, ಕಲಿಸಿದರು. ಆ ಬಾಲಕನು ಬೆಳೆದು ಕರ್ನಾಟಕ, ಹಿಂದುಸ್ತಾನಿ ಎರಡು ಪದ್ಧತಿಗಳನ್ನೂ ಸಾಧಿಸಿ, ಊರೂರು ತಿರುಗುವ ಪಾಠಶಾಲೆಯನ್ನು ಕಟ್ಟಿ, ಕಡೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತು 1944ರಲ್ಲಿ ಲಿಂಗೈಕ್ಯರಾದರು. ಅವರ ಪೀಠವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914-2010) ಸಹ ದೃಷ್ಟಿಯಿಲ್ಲದವರೇ. ಕುಮಾರ ಶಿವಯೋಗಿಗಳು ಗದಿಗೆಯ್ಯನಿಗೆ ಪ್ರಮಾಣಪತ್ರವನ್ನು ಕೊಡಿಸಲಿಲ್ಲ, ನಿಜ. ಅಂದು ಅದರ ಅಗತ್ಯವಿರಲಿಲ್ಲ. ಇಂದು ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕನಾಗಬಯಸುವ ಅಂಧ ತರುಣನು ಎಷ್ಟು ಸುಶ್ರಾವ್ಯವಾಗಿ ಹಾಡಿದರೂ ಮೊದಲು ಕೇಳುವುದು ಪತ್ರವನ್ನೇ. ಅದಿಲ್ಲದಿದ್ದರೆ ಅವನ ಹಾಡು ರೈಲುಗಾಡಿಯ ಡಬ್ಬಿಯಲ್ಲಿ ಕೈಯೊಡ್ಡಿ ಹಾಡುವ ಹಾಡಾಗಿ ಮುಗಿಯಬಹುದು. ಕಾಯಕವನ್ನು ಕೈಲಾಸವೆಂದು ನಂಬಿದ ಪರಂಪರೆಯವರು ಈ ಪತ್ರವನ್ನು ಬರಿಯ ಕಾಗದವೆಂದು ತಳ್ಳಿಹಾಕಲಾಗದು.

ಆದರೆ ಪರೀಕ್ಷೆಯಿಂದ ಆಗುವ ಇನ್ನೊಂದು ಉಪಕಾರವುಂಟು. ಅದು ಹೊಟ್ಟೆಪಾಡಿನದಲ್ಲ. ಅದನ್ನು ಈ ಪಾಠಶಾಲೆಯಲ್ಲಿ ನಡೆದ ಒಂದು ಪ್ರಸಂಗದಿಂದಲೇ ಹೇಳುವುದು ಯುಕ್ತ. ಹುಡುಗನ ಹೆಸರು ಇಲ್ಲಿ ಬೇಡ. ಅವನು ಮುಂದಿನ ಸಾಲಿನಲ್ಲಿಯೇ ಕುಳಿತಿರುವನು.

ಹುಟ್ಟುಕುರುಡನಾದ ಆ ಬಾಲಕನು ಪಾಠಶಾಲೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು. ಒಮ್ಮೆ ಕೇಳಿದ ಚೀಜನ್ನು ಮರುದಿನ ತಪ್ಪಿಲ್ಲದೆ ಒಪ್ಪಿಸುವನು. ಶಿವಾನುಭವಗೋಷ್ಠಿಯಲ್ಲಿ ಅವನು ವಚನ ಹಾಡಿದರೆ ಮುದುಕಿಯರು ಕಣ್ಣೊರಸಿಕೊಳ್ಳುವರು. ಅಂತಹವನು ಹಿಂದಿನ ಸಲ ಪರೀಕ್ಷೆಗೆ ಹೋಗಿ ಅನುತ್ತೀರ್ಣನಾಗಿ ಬಂದನು. ಮಠಕ್ಕೆ ಮಠವೇ ಪರೀಕ್ಷಕರ ಮೇಲೆ ಮುನಿಯಿತು. ಅಡಿಗೆಮನೆಯವರೂ ಎರಡು ದಿನ ಅದೇ ಮಾತನ್ನಾಡಿದರು.

ನಡೆದದ್ದೇನೆಂದರೆ, ಪರೀಕ್ಷಕರು ರೂಪಕತಾಲದ ಠೇಕಾವನ್ನು ಕೈಯಲ್ಲಿ ತೋರಿಸುತ್ತ ಹೇಳೆಂದರು. ರೂಪಕವು ಏಳು ಮಾತ್ರೆಯ ತಾಳ; ಮೂರು, ಎರಡು, ಎರಡು ಎಂದು ಮೂರು ವಿಭಾಗ. ತೀನತಾಲ, ಝಪತಾಲ, ಏಕತಾಲಗಳಲ್ಲಿ ಮೊದಲ ಮಾತ್ರೆಯಾದ ಸಮ್ ಮೇಲೆ ಚಪ್ಪಾಳೆ ಬೀಳುತ್ತದೆ. ರೂಪಕದಲ್ಲಿಯಾದರೋ ಮೊದಲ ಮಾತ್ರೆಯೇ ಖಾಲಿ. ಅಲ್ಲಿ ಕೈ ತಟ್ಟದೆ ಅಂಗೈಯನ್ನು ಹೊರಗೆ ಬೀಸಬೇಕು. ನಾಲ್ಕನೆಯ, ಆರನೆಯ ಮಾತ್ರೆಗಳಿಗೆ ತಟ್ಟಬೇಕು. ಬಾಲಕನು ಬೋಲುಗಳನ್ನು ನಿರ್ದುಷ್ಟವಾಗಿ ಹೇಳಿದನು. ಕೈಯನ್ನು ಮಾತ್ರ ಏಳು ಮಾತ್ರೆಗಳಿಗೂ ತಟ್ಟಿದನು. ಖಾಲಿಗೆ ಕೈ ಬೀಸುವರೆಂಬುದು ಅವನಿಗೆ ತಿಳಿದೇ ಇರಲಿಲ್ಲ, ಏಕೆಂದರೆ ಅದನ್ನು ಅವನು ಎಂದೂ ಕಂಡವನಲ್ಲ. ಬೀಸಿದ ಕೈ ಸದ್ದು ಮಾಡುವುದಿಲ್ಲ. ತಬಲೆಯಲ್ಲಿ ಆ ಮಾತ್ರೆಗೆ ಡಗ್ಗದ ಗುಂಭೀರ ನಾದವು ಬರುವುದಿಲ್ಲವೆಂಬುದನ್ನು ಅವನ ಕಿವಿ ಬಲ್ಲದು. ಕೈ ಬಲ್ಲದು ಆಗಿರಲಿಲ್ಲ.

ಬರಹದ ಪರೀಕ್ಷೆಯಲ್ಲಿ ಇನ್ನೊಂದು ಎಡವಟ್ಟು. ಅವನು ಹೇಳಿದುದನ್ನು ಬರೆಯಲು ನೇಮಿಸಿದ ಲಿಪಿಕಾರನು ಸಂಗೀತವನ್ನರಿಯದವನು. ಬಾಗೇಶ್ರೀ ರಾಗದ ಸ್ವರಗಳನ್ನು ಹೇಳುವಾಗ ಬಾಲಕನು ಕೋಮಲ ಗಾಂಧಾರ, ಕೋಮಲ ನಿಷಾದ ಎಂದು ಸರಿಯಾಗಿಯೇ ಹೇಳಿದನು. ಭಾತಖಂಡೆಯವರ ಲಿಪಿಯಲ್ಲಿ ಕೋಮಲಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ ಎಳೆಯಬೇಕೆಂಬುದನ್ನು ಬರೆಯುವವನು ಅರಿಯನು; ಹೇಳುವವನು ಆ ಗೆರೆಯನ್ನು ಎಂದೂ ನೋಡಿದವನಲ್ಲ. ಹೀಗಾಗಿ ಕಾಗದದ ಮೇಲೆ ಬಾಗೇಶ್ರೀಯು ಬೇರೆ ರಾಗವೇ ಆಯಿತು.

ಸಿಟ್ಟಿಳಿದ ಮೇಲೆ ಪಾಠಶಾಲೆಯ ಗವಾಯಿಗಳು ಯೋಚಿಸಿದರು. ಪರೀಕ್ಷಕರು ಅನ್ಯಾಯವನ್ನೇನೂ ಮಾಡಿರಲಿಲ್ಲ. ಕೈಯಲ್ಲಿ ತಾಳ ತೋರಿಸುವುದು ಪಾಠಕ್ರಮದಲ್ಲಿ ಇದ್ದದ್ದೇ. ಐದು ವರ್ಷ ದಿನವೂ ಎದುರಿಗೆ ಕುಳ್ಳಿರಿಸಿಕೊಂಡು ಕಲಿಸಿದವರಿಗೆ, ತಾವು ಬೀಸುವ ಕೈ ಶಿಷ್ಯನಿಗೆ ಕಾಣದೆಂಬುದು ಹೊಳೆದಿರಲಿಲ್ಲ. ಮಠದಲ್ಲಿ ಎಲ್ಲರೂ ಆ ಬಾಲಕನನ್ನು ಪ್ರೀತಿಯ ಕಿವಿಯಿಂದ ಕೇಳುವವರು. ಅಪರಿಚಿತನೊಬ್ಬನು ಕೇಳಿದಾಗಲೇ ಕೊರತೆ ಹೊರಬಿದ್ದಿತು, ಮತ್ತು ಅದು ಶಿಷ್ಯನ ಕೊರತೆಯಾಗಿರಲಿಲ್ಲ. ಗವಾಯಿಗಳು ಈ ಮಾತನ್ನು ಶ್ರೀಗಳವರ ಮುಂದೆ ತಾವಾಗಿಯೇ ಒಪ್ಪಿಕೊಂಡರು. ಅರವತ್ತು ದಾಟಿದ ವಿದ್ವಾಂಸರಿಗೆ ಅದು ಸುಲಭದ ಕೆಲಸವಲ್ಲ.

ಅಂದಿನಿಂದ ಪಾಠದ ರೀತಿ ಬದಲಾಯಿತು. ಗವಾಯಿಗಳು ಬಾಲಕನ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡು ಬೀಸಿ, ತಟ್ಟಿ, ಬೆರಳು ಮಡಿಸಿ ತೋರಿಸಿದರು. ಸ್ವರಲಿಪಿಗೆ ಒಂದು ಮಣೆಯ ಮೇಲೆ ಹಿಟ್ಟು ಹರವಿ, ಅಕ್ಷರದ ಕೆಳಗೆ ಕಸಬರಿಗೆಯ ಕಡ್ಡಿಯನ್ನಿಟ್ಟರೆ ಕೋಮಲ, ಮಧ್ಯಮದ ಮೇಲೆ ಕಡ್ಡಿಯನ್ನು ನಿಲ್ಲಿಸಿಟ್ಟರೆ ತೀವ್ರ. ಹುಣಿಸೆಬೀಜ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ. ಬಾಲಕನು ಬೆರಳಿನಿಂದ ತಡವಿ ತಡವಿ ಕಲಿತನು. ಮೊದಮೊದಲು ಅವನಿಗೆ ಬೇಸರ. ಹಾಡಲು ಬರುವುದನ್ನು ಹೀಗೇಕೆ ಬೀಜ ಕಡ್ಡಿಗಳಲ್ಲಿ ಜೋಡಿಸಬೇಕೆಂದು ಒಮ್ಮೆ ಮಣೆಯನ್ನೇ ತಳ್ಳಿಬಿಟ್ಟನಂತೆ. ಅನುತ್ತೀರ್ಣನಾದ ಮೇಲೆ ಆರು ವಾರ ಗೋಷ್ಠಿಯಲ್ಲಿ ಹಾಡಲೊಲ್ಲೆನೆಂದವನೂ ಅವನೇ. ಹೊಗಳಿಕೆಯಲ್ಲಿ ಬೆಳೆದ ಮಗುವಿಗೆ ಮೊದಲ ಸೋಲು ಬಹಳ ಭಾರ. ಇದರ ಮಧ್ಯೆ ವಯಸ್ಸಿಗೆ ತಕ್ಕಂತೆ ಕಂಠವೂ ಒಡೆಯಿತು. ಶ್ರುತಿಯನ್ನು ಇಳಿಸಿಕೊಂಡು, ಹಳೆಯ ದನಿಯನ್ನು ಮರೆತು, ಹೊಸ ದನಿಯಲ್ಲಿ ಮಂದ್ರಸಾಧನೆಯಿಂದ ಮತ್ತೆ ಆರಂಭಿಸಬೇಕಾಯಿತು. ಇವೆಲ್ಲವೂ ಅಂಕಪಟ್ಟಿಯಲ್ಲಿ ಕಾಣತಕ್ಕವುಗಳಲ್ಲ.

ಪರೀಕ್ಷೆಯಿಂದ ಕೇಡೂ ಉಂಟೆಂಬುದನ್ನು ಮರೆಮಾಚಬಾರದು. ಆರು ತಿಂಗಳಲ್ಲಿ ಹತ್ತು ರಾಗಗಳ ಆರೋಹ ಅವರೋಹಗಳನ್ನು ಉರುಹೊಡೆದು, ಒಂದರಲ್ಲಿಯೂ ಹತ್ತು ನಿಮಿಷ ನಿಲ್ಲಲಾರದೆ ಪತ್ರ ಪಡೆಯುವವರು ಎಲ್ಲೆಲ್ಲಿಯೂ ಇರುವರು. ಪಕ್ಕದ ಮನೆಯ ಹುಡುಗಿ ಸೀನಿಯರ್ ಮುಗಿಸಿದಳೆಂದು ತಮ್ಮ ಮಗಳನ್ನು ಜೂನಿಯರಿಗೇ ಅವಸರಪಡಿಸುವ ತಾಯಿತಂದೆಗಳೂ ಈ ಸಭೆಯಲ್ಲಿ ಇಲ್ಲದಿಲ್ಲ. ಅವರು ಕೋಪಿಸಿಕೊಳ್ಳಬಾರದು. ಯಮನ್ ಒಂದನ್ನೇ ವರ್ಷಗಟ್ಟಲೆ ಹಾಡಿಸುತ್ತಿದ್ದ ಹಳೆಯ ಗುರುಗಳು ದಡ್ಡರಾಗಿರಲಿಲ್ಲ.

ಆ ಬಾಲಕನು ಈ ಸಲ ಪ್ರಥಮಶ್ರೇಣಿಯಲ್ಲಿ ಉತ್ತೀರ್ಣನಾಗಿರುವನು. ಬರಹದ ಪರೀಕ್ಷೆಯಲ್ಲಿ ಲಿಪಿಕಾರನಿಗೆ, "ಗ ಬರೆಯಿರಿ, ಅದರ ಕೆಳಗೆ ಅಡ್ಡಗೆರೆ ಎಳೆಯಿರಿ, ಎಳೆದಿರಾ?" ಎಂದು ಪ್ರತಿಯೊಂದನ್ನೂ ಕೇಳಿ ಕೇಳಿ ಬರೆಸಿದನಂತೆ. ಬರೆಯುವವನು ಹೊರಬರುವಷ್ಟರಲ್ಲಿ ತಾನೂ ಅರ್ಧ ಸಂಗೀತಗಾರನಾದೆನೆಂದು ನಕ್ಕನೆಂದು ಕೇಳಿಬಂದಿದೆ. ಈಗ ದಿನವೂ ಸಂಜೆ ಪ್ರಸಾದಕ್ಕೆ ಮೊದಲು, ಪಾಠಶಾಲೆಗೆ ಹೊಸದಾಗಿ ಸೇರಿದ ಏಳು ವರ್ಷದ ಇನ್ನೊಬ್ಬ ಅಂಧ ಶಿಶುವಿನ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು ಅವನು ತಾಳ ಹೇಳಿಕೊಡುವುದನ್ನು ಗದ್ದುಗೆಯ ಕಟ್ಟೆಯ ಮೇಲೆ ಕಾಣಬಹುದು. ಗವಾಯಿಗಳು ದೂರದಲ್ಲಿ ಕುಳಿತು ಕೇಳುವರು, ನಡುವೆ ಬಾಯಿ ಹಾಕುವುದಿಲ್ಲ.

ಸನ್ಮಾನಕ್ಕೆ ಮೊದಲು ಆ ಬಾಲಕನು ಬಾಗೇಶ್ರೀಯಲ್ಲಿ ಅಣ್ಣನವರ ಒಂದು ವಚನವನ್ನು ಹಾಡುವನು. ತಾಳ ರೂಪಕ. ತಂಬೂರಿಯು ಶ್ರುತಿಗೂಡುತ್ತಲಿದೆ, ಸದ್ಭಕ್ತರು ಶಾಂತಚಿತ್ತರಾಗಿ ಆಲಿಸಬೇಕಾಗಿ ವಿಜ್ಞಾಪನೆ.