ಕುಂದಾಪುರ ಸೀಮೆಯ ಕ್ರಿಸ್ತಮತ: ಅರಿವು, ಆಚಾರ, ಸಮರ್ಥನೆ

(ಶ್ರೀಮಠದ ಮಹೋತ್ಸವ ಸಂದರ್ಭದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವೀರಶೈವ ಮಠವೊಂದರ ಮಹೋತ್ಸವದಲ್ಲಿ ಕ್ರಿಸ್ತಮತದ ಮಾತೇಕೆಂದು ಸಭಿಕರಲ್ಲಿ ಕೆಲವರಿಗೆ ತೋರಬಹುದು. ಈ ಆಕ್ಷೇಪಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಘಟ್ಟದ ಕೆಳಗೆ ಬೈಂದೂರಿನಿಂದ ಕುಂದಾಪುರವನ್ನು ಹಾದು ಬ್ರಹ್ಮಾವರದವರೆಗೆ ಹಬ್ಬಿರುವ ಸೀಮೆಯು ಬಹುಕಾಲ ಕೆಳದಿಯ ಅರಸರ ಆಳಿಕೆಗೆ ಒಳಪಟ್ಟಿದ್ದ ನಾಡು. ಕೊಲ್ಲೂರಿನ ಮೂಕಾಂಬಿಕೆಗೆ ನಡೆದುಕೊಂಡ ಲಿಂಗಧಾರಿಗಳಾದ ಆ ಅರಸರೇ ಕರಾವಳಿಯಲ್ಲಿ ಇಗರ್ಜಿಗಳನ್ನು ಕಟ್ಟುವುದಕ್ಕೂ ಅಪ್ಪಣೆಯಿತ್ತವರು. ತಮ್ಮ ಹಿರಿಯರು ನೆಲೆ ಕೊಟ್ಟ ಮತವು ಏನನ್ನು ನಂಬುತ್ತದೆ, ನಂಬಿದ್ದನ್ನು ಹೇಗೆ ಬಾಳಿತು, ಬಾಳಿಗೆ ಕುತ್ತು ಬಂದಾಗ ಹೇಗೆ ಎದುರು ನಿಂತಿತು ಎಂಬುದನ್ನು ತಿಳಿಯುವುದು ಶರಣಮಾರ್ಗದವರಿಗೆ ಹೊರಗಿನ ವಿಷಯವಾಗಲಾರದು.

ಪಾಠಶಾಲೆಯಲ್ಲಿ ತರ್ಕವನ್ನೋದಿದವರು ಮೊದಲು ಕಲಿಯುವ ನಿಯಮವೊಂದುಂಟು. ಪೂರ್ವಪಕ್ಷವನ್ನು ಆ ಪಕ್ಷದವನೇ ಕೇಳಿ ತಲೆದೂಗುವಂತೆ ನಿರೂಪಿಸಬೇಕು. ಹಾಗೆ ಮಾಡದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲ. ಕ್ರೈಸ್ತರ ಅರಿವಿನ ಸಾರವು ಇಷ್ಟು: ದೇವರು ಒಬ್ಬನೇ, ಆತನು ಪಿತ, ಸುತ, ಪವಿತ್ರಾತ್ಮ ಎಂದು ಮೂವರಾಗಿಯೂ ಒಂದೇ ತತ್ತ್ವವು. ಸುತನು ಯೇಸುವಾಗಿ ಮನುಷ್ಯಜನ್ಮವನ್ನು ತಾಳಿ, ಲೋಕದ ಪಾಪವನ್ನು ಹೊತ್ತು ಶಿಲುಬೆಯ ಮೇಲೆ ಮೃತನಾಗಿ, ಮೂರನೆಯ ದಿನ ಎದ್ದನು. ಈ ಕಾರ್ಯವು ಒಮ್ಮೆ ಮಾತ್ರ ನಡೆದುದು. ಮನುಷ್ಯನ ಮುಕ್ತಿಯು ಆತನ ಕೃಪೆಯಿಂದಲೇ ಹೊರತು ಸ್ವಂತ ಪುಣ್ಯದಿಂದಲ್ಲ. ಜ್ಞಾನಸ್ನಾನದಿಂದ ಸಭೆಯೊಳಕ್ಕೆ ಪ್ರವೇಶ, ಪರಮಪ್ರಸಾದದಿಂದ ಅದರೊಳಗೆ ಪೋಷಣೆ.

ಇದನ್ನು ಕೇಳಿದೊಡನೆ ಕೆಲವು ವಿದ್ವಾಂಸರು, ಮೂವರು ಒಂದಾದುದು ಗುರು-ಲಿಂಗ-ಜಂಗಮವೇ, ಜ್ಞಾನಸ್ನಾನವೇ ದೀಕ್ಷೆ, ಅವರ ಪ್ರಸಾದವೇ ಇವರ ಪ್ರಸಾದ ಎಂದು ಸಮೀಕರಣವನ್ನು ಮಾಡಿಬಿಡುವರು. ಇದು ಸೌಜನ್ಯವಾಗಿ ಕಂಡರೂ ವಿಚಾರದಲ್ಲಿ ಸೋಮಾರಿತನವೇ ಸರಿ. ಗುರುವು ಶಿಷ್ಯನ ಕರಸ್ಥಲಕ್ಕೆ ಲಿಂಗವನ್ನು ಕೊಡುವಾಗ ಅಂಗಲಿಂಗಗಳ ಸಾಮರಸ್ಯಕ್ಕೆ ದಾರಿಯಾಗುವುದು. ಕ್ರೈಸ್ತನಾದರೋ ಸೃಷ್ಟಿಕರ್ತನಿಗೂ ಸೃಷ್ಟಿಗೂ ಇರುವ ಅಂತರವನ್ನು ಎಂದಿಗೂ ಅಳಿಸಲೊಪ್ಪನು. ಭೇದವನ್ನು ಭೇದವೆಂದೇ ತಿಳಿದವರಿಗೆ ಮಾತ್ರ ನೆರೆಯವರ ಭಕ್ತಿಯ ಬೆಲೆಯು ಗೊತ್ತಾಗುವುದು.

ಇನ್ನು ಇತಿಹಾಸಕ್ಕೆ ಬರಬಹುದು. 1569ರಲ್ಲಿ ಪೋರ್ತುಗೀಸರು ಬಸರೂರನ್ನು ಹಿಡಿದರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯು ತನ್ನ ಆರಂಭವನ್ನು 1570ಕ್ಕೆ ಎಣಿಸುತ್ತದೆ. ಕೋಟೆಯೂ ಇಗರ್ಜಿಯೂ ಒಂದೇ ಹಡಗಿನಿಂದಿಳಿದವು ಎಂಬ ಕಹಿಯು ಈ ಮತದ ಆದಿಯಲ್ಲಿಯೇ ಸೇರಿರುವುದನ್ನು ಮುಚ್ಚಿಡಲಾಗದು. ಆದರೆ ಆಮೇಲೆ ಬಂದ ಕೊಂಕಣಿ ಕ್ರೈಸ್ತರಲ್ಲಿ ಬಹುಮಂದಿ ದೊರೆತನಕ್ಕೆ ಬಂದವರಲ್ಲ. ಗೋವೆಯಲ್ಲಿ 1560ರಿಂದ ನೆಲಸಿದ್ದ ಮತವಿಚಾರಣೆಯ ನ್ಯಾಯಸ್ಥಾನದ ಭಯದಿಂದಲೂ, ಕ್ಷಾಮದಿಂದಲೂ, ಯುದ್ಧದಿಂದಲೂ ಬೆಂದು ದಕ್ಷಿಣಕ್ಕೆ ಸರಿದವರು; ಭಟ್ಕಳ, ಬೈಂದೂರು, ಗಂಗೊಳ್ಳಿಗಳ ದಾರಿ ಹಿಡಿದು ಬಂದು ಗದ್ದೆಗಳನ್ನು ಸಾಗುವಳಿ ಮಾಡಿದವರು.

ಕೆಳದಿಯ ಶಿವಪ್ಪನಾಯಕನು 1652ರಿಂದ 1654ರ ಒಳಗೆ ಹೊನ್ನಾವರ, ಬಸರೂರಿನ ಸೀಮೆ, ಮಂಗಳೂರುಗಳಲ್ಲಿದ್ದ ಪೋರ್ತುಗೀಸರ ಬಲವನ್ನು ಮುರಿದನು. ಅದೇ ಮನೆತನದ ಚೆನ್ನಮ್ಮಾಜಿಯವರು 1678ರಲ್ಲಿ ಪೋರ್ತುಗೀಸರೊಡನೆ ಒಪ್ಪಂದ ಮಾಡಿಕೊಂಡು ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳಿಗೆ ಅನುಮತಿಯಿತ್ತರು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು ಹುಟ್ಟಿದುದೂ ಆ ವರ್ಷವೇ. ಕನ್ನಡನಾಡಿನ ಅಕ್ಕಿಯಿಲ್ಲದೆ ಗೋವೆಯ ಒಲೆ ಉರಿಯುತ್ತಿರಲಿಲ್ಲ. ಆದ್ದರಿಂದ ಈ ಒಪ್ಪಂದದಲ್ಲಿ ವ್ಯಾಪಾರದ ಲೆಕ್ಕವೂ ಇದ್ದಿತು. ಇದ್ದರೇನು? ಪರದೇಶದ ಕೋಟೆಯನ್ನು ಕೆಡಹುವುದು ಬೇರೆ, ಪ್ರಜೆಗಳ ಪೂಜಾಸ್ಥಾನವನ್ನು ಉಳಿಸುವುದು ಬೇರೆ ಎಂಬ ವಿವೇಕವು ಆ ರಾಣಿಯವರಿಗಿದ್ದಿತು. 1689ರಲ್ಲಿ ಮೊಗಲರಿಗೆ ಹೆದರದೆ ರಾಜಾರಾಮನಿಗೆ ಆಶ್ರಯ ಕೊಟ್ಟವರೂ ಅವರೇ.

ಚೆನ್ನಮ್ಮಾಜಿಯವರ ಆಳಿಕೆಯಲ್ಲಿಯೇ, 1681ರಲ್ಲಿ, ಗೋವೆಯ ಬಾಣಾವಲಿಯ ಪಾದ್ರಿ ಜೋಸೆಫ್ ವಾಜರು ಈ ಸೀಮೆಗೆ ಬಂದರು. ಆಗ ಅವರಿಗೆ ಮೂವತ್ತು ವಯಸ್ಸು. ಅವರಿಗೆ ಎದುರಾದುದು ಅನ್ಯಮತೀಯರ ವಿರೋಧವಲ್ಲ. ತಮ್ಮ ಮನೆಯೊಳಗಿನ ಒಡಕು. ಪೂರ್ವದೇಶದ ಇಗರ್ಜಿಗಳಿಗೆ ಪಾದ್ರಿಗಳನ್ನು ನೇಮಿಸುವ ಹಕ್ಕು ಪೋರ್ತುಗಲ್ಲಿನ ದೊರೆಯದೆಂದು ಒಂದು ಪಕ್ಷ. ಇದನ್ನು ಪದ್ರುವಾದೊ ಎನ್ನುವರು. ರೋಮಾಪುರಿಯ ಪ್ರಪಗಾಂದ ಸಭೆಗೇ ಆ ಅಧಿಕಾರವೆಂದು ಇನ್ನೊಂದು ಪಕ್ಷ. ರೋಮಿನಿಂದ ನೇಮಕವಾಗಿ ಮಂಗಳೂರಿನಲ್ಲಿದ್ದ ಬಿಷಪ್ ಥೋಮಸ್ ದ ಕಾಸ್ತ್ರೊ ಅವರನ್ನು ಗೋವೆಯ ಪಕ್ಷದವರು ಮನ್ನಿಸಲೊಲ್ಲರು. ಯಾರ ಕೈಯಿಂದ ಪಡೆದ ಸಂಸ್ಕಾರವು ಸಂಸ್ಕಾರವೆಂದು ಬಡ ಒಕ್ಕಲಿಗರು ತಳಮಳಗೊಂಡರು. ವಾಜರು ಗೋವೆಯ ಪಕ್ಷದಿಂದ ಬಂದವರೇ ಆದರೂ ಆ ಬಿಷಪ್ಪರನ್ನು ಕಂಡು ಸಮಾಧಾನಕ್ಕೆ ಯತ್ನಿಸಿದರು. 1684ರವರೆಗೆ ಬರಿಗಾಲಿನಲ್ಲಿ ಊರೂರು ತಿರುಗಿದರು. ಕುಂದಾಪುರದಲ್ಲಿ ಅವರು ಪೂಜೆ ಮಾಡುತ್ತಿದ್ದಾಗ ನೆಲದಿಂದ ಮೇಲೆದ್ದುದನ್ನು ಜನರು ಕಂಡರೆಂದು ಅಲ್ಲಿಯ ಕ್ರೈಸ್ತರು ನಂಬುವರು. ಪವಾಡದ ವಿಷಯದಲ್ಲಿ ನಂಬುವವರಿಗೆ ಸಾಕ್ಷಿ ಬೇಡ, ನಂಬದವರಿಗೆ ಸಾಕ್ಷಿ ಸಾಲದು; ಅದನ್ನು ಅಲ್ಲಿಗೇ ಬಿಡುವುದು ಮೇಲು.

ಅವರ ಮುಂದಿನ ನಡೆಯೇ ಹೆಚ್ಚು ಗಮನಾರ್ಹ. ಡಚ್ಚರು ಸಿಂಹಳದಲ್ಲಿ ಕಥೋಲಿಕ ಪಾದ್ರಿಗಳಿಗೆ ನಿಷೇಧವಿಟ್ಟಿದ್ದರು. ವಾಜರು 1687ರಲ್ಲಿ ಕೂಲಿಯವನ ವೇಷದಿಂದ ಆ ದ್ವೀಪವನ್ನು ಹೊಕ್ಕು, ಕೊರಳಿನಲ್ಲಿ ಜಪಸರವನ್ನು ಧರಿಸಿ ಬೀದಿಗಳಲ್ಲಿ ಭಿಕ್ಷೆ ಬೇಡಿದರು. ಆ ಸರವನ್ನು ಕಂಡು ಯಾರ ಮುಖವು ಅರಳುವುದೋ ಅವರೇ ಅಡಗಿ ಬಾಳುತ್ತಿದ್ದ ಸಹಧರ್ಮಿಗಳೆಂದು ಗುರುತಿಸುವ ಉಪಾಯವಿದು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿರುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಂಡಿಯಲ್ಲಿ ಅವರನ್ನು ಗೂಢಚಾರರೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಅಲ್ಲಿ ಸಿಡುಬು ಹರಡಿ ಜನರು ರೋಗಿಗಳನ್ನು ಬಿಟ್ಟೋಡಿದಾಗ ಅವರನ್ನು ಮುಟ್ಟಿ ತೊಳೆದವರು ಇವರೇ. ಆ ಬಳಿಕ ಬೌದ್ಧನಾದ ಅರಸನ ರಾಜ್ಯದಲ್ಲಿ ಅವರ ಮತಕ್ಕೆ ಅಡ್ಡಿಯುಳಿಯಲಿಲ್ಲ. ಬಿಷಪ್ ಪದವಿಯನ್ನು ಒಲ್ಲೆನೆಂದು 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೊ ನಗರದಲ್ಲಿ ಸಂತರೆಂದು ಘೋಷಿಸಿದರು.

1784ರಲ್ಲಿ ಟೀಪು ಸುಲ್ತಾನನ ಆಜ್ಞೆಯಿಂದ ಕೆನರಾ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು, ಇಗರ್ಜಿಗಳು ನೆಲಸಮವಾದವು. ಹದಿನೈದು ವರ್ಷ ಪಾದ್ರಿಗಳಿಲ್ಲದೆ, ಮನೆಯ ಹಿರಿಯರೇ ಪ್ರಾರ್ಥನೆಯನ್ನು ಮಕ್ಕಳಿಗೆ ಬಾಯಿಪಾಠವಾಗಿ ದಾಟಿಸಿದರು. 1799ರ ತರುವಾಯ ಉಳಿದವರು ಹಿಂದಿರುಗಿ ಬಂದರು.

ಸಮರ್ಥನೆಯೆಂದರೆ ವಾದವೆಂದು ತಿಳಿದವರೂ ಕರಾವಳಿಗೆ ಬಂದುದುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಕನ್ನಡದಲ್ಲಿ ಮತಖಂಡನೆಯ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಖಂಡಿಸುವುದಕ್ಕೆ ಮೊದಲು ಓದಬೇಕಾಯಿತು. ಓದುವುದಕ್ಕೆ ಓಲೆಗಳನ್ನು ಕೂಡಿಸಬೇಕಾಯಿತು. ಮೋಗ್ಲಿಂಗರ ಸಂಪಾದಕತ್ವದಲ್ಲಿ ಬಸವಪುರಾಣವು ಕಲ್ಲಚ್ಚಿನಲ್ಲಿ ಹೊರಬಂದುದೂ, ಕಿಟ್ಟೆಲರ ನಿಘಂಟು 1894ರಲ್ಲಿ ಮುಗಿದುದೂ ಈ ದಾರಿಯಲ್ಲಿಯೇ. ವಾದದಿಂದ ಅವರು ಗೆದ್ದ ವೀರಶೈವರು ಎಷ್ಟು ಮಂದಿಯೋ. ಗ್ರಂಥಗಳನ್ನು ಉಳಿಸಿದ ಉಪಕಾರವಂತೂ ನಿಂತಿತು.

ಈಗ ಬ್ರಹ್ಮಾವರದ ಪ್ರಕರಣ. ಅರಿವು, ಆಚಾರ, ಸಮರ್ಥನೆಗಳು ಮೂರೂ ಒಂದೇ ಬಾಳಿನಲ್ಲಿ ಪರಸ್ಪರ ತಿಕ್ಕಾಡಿದುದನ್ನು ಇಲ್ಲಿ ಕಾಣಬಹುದು.

ವಾಜರು ತಣಿಸಲು ಯತ್ನಿಸಿದ ಆ ಹಳೆಯ ಜಗಳವು ಇನ್ನೂರು ವರ್ಷ ಕಳೆದರೂ ಆರಿರಲಿಲ್ಲ. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರೂ ಪೋರ್ತುಗಲ್ಲಿನ ದೊರೆಯೂ ಒಪ್ಪಂದ ಮಾಡಿಕೊಂಡಾಗ, ಗೋವೆಯ ಅಧೀನದಲ್ಲಿದ್ದ ಕನ್ನಡಜಿಲ್ಲೆಯ ಇಗರ್ಜಿಗಳು ಮಂಗಳೂರಿನ ಬಿಷಪ್ಪರ ಕೈಸೇರುವುದೆಂದಾಯಿತು. ಮಂಗಳೂರಿನ ಮಿಶನ್ನು 1878ರಿಂದ ಯುರೋಪಿನ ಜೆಸುಯಿಟ್ ಪಾದ್ರಿಗಳ ಆಡಳಿತದಲ್ಲಿದ್ದಿತು. ತಲೆತಲಾಂತರದಿಂದ ಗೋವೆಯ ಸ್ವದೇಶೀ ಪಾದ್ರಿಗಳನ್ನು ಕಂಡಿದ್ದ ಕಲ್ಯಾಣಪುರ ಬ್ರಹ್ಮಾವರಗಳ ಜನರಿಗೆ ಇದು ಸಹಿಸಲಶಕ್ಯವಾಯಿತು. ಎಲ್ಲಿಯೋ ಕುಳಿತು ಬರೆದ ಕಾಗದವು ಇಲ್ಲಿಯ ಭಕ್ತನ ಗುರುವನ್ನು ಬದಲಿಸುವುದೆಂತು ಎಂಬುದು ಅವರ ಪ್ರಶ್ನೆ.

ಇದೇ ಪ್ರಶ್ನೆಯನ್ನು ಗೋವೆಯಲ್ಲಿ ಎತ್ತಿದವರು ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಶವಿಯೇರ್ ಅಲ್ವಾರಿಸರು. 1836ರಲ್ಲಿ ವೆರ್ಣೆಯಲ್ಲಿ ಹುಟ್ಟಿದ ಅವರು 1871ರಲ್ಲಿಯೇ ಪಣಜಿಯಲ್ಲಿ ದಿಕ್ಕಿಲ್ಲದವರ ಊಟಕ್ಕಾಗಿ ದಾನದ ಸಂಘವನ್ನು ನಡೆಸಿದವರು. ಸರಕಾರದ ಅನ್ಯಾಯವನ್ನೂ ಸಭಾಧಿಕಾರಿಗಳ ದರ್ಪವನ್ನೂ ಪತ್ರಿಕೆಗಳಲ್ಲಿ ಖಂಡಿಸಿದರು. ರೋಮಿನ ಸಭೆಯು ಅವರನ್ನು ಬಹಿಷ್ಕರಿಸಿತು. ಆಗ ಅವರು ಕ್ರೈಸ್ತಧರ್ಮವನ್ನು ಬಿಡಲಿಲ್ಲ. ಕ್ರೈಸ್ತಧರ್ಮದಲ್ಲಿ ರೋಮಿಗಿಂತ ಬೇರೆಯಾದ ಪ್ರಾಚೀನ ಪರಂಪರೆಯೊಂದನ್ನು ಹುಡುಕಿ ಮಲೆಯಾಳದ ಸಿರಿಯನ್ ಸಭೆಯನ್ನು ಸೇರಿದರು. 1889ನೇ ಇಸವಿ ಜುಲೈ 28ರಂದು ಕೊಟ್ಟಾಯಂನ ಹಳೆಯ ಸೆಮಿನರಿಯಲ್ಲಿ, ಅಂತಿಯೋಕ್ಯದ ಪಿತಾಮಹರ ಅನುಮತಿಯಿಂದ ಅವರಿಗೆ ಮಾರ್ ಯೂಲಿಯಸ್ ಎಂಬ ಹೆಸರಿನಲ್ಲಿ ಗೋವೆ, ಸಿಂಹಳ, ಹಿಂದೂದೇಶಗಳ ಮಹಾಧರ್ಮಾಧ್ಯಕ್ಷ ಪಟ್ಟವಾಯಿತು. ಕೊಲಂಬೊ ನಗರದಲ್ಲಿ 1892ರಲ್ಲಿ ಇವರ ಕೈಯಿಂದ ಪಟ್ಟವನ್ನು ಪಡೆದ ರೆನೆ ವಿಲಾತ್ತರು ಅಮೇರಿಕೆಗೆ ತೆರಳಿದರು.

ಅಲ್ವಾರಿಸರೊಡನೆ ಜೊತೆಗೂಡಿದ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹರು ಬ್ರಹ್ಮಾವರವನ್ನೇ ನೆಲೆಮಾಡಿಕೊಂಡು, ರೋಮನ್ನು ಬಿಟ್ಟ ಕುಟುಂಬಗಳನ್ನು 1936ರಲ್ಲಿ ತಾವು ಕಾಲವಾಗುವವರೆಗೆ ಕಾಯ್ದರು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಅಧೀನತೆಯು ಅಂತಿಯೋಕ್ಯಕ್ಕೆ, ಸಂಬಂಧವು ಮಲೆಯಾಳಕ್ಕೆ. ಆದರೆ ಪೂಜಾವಿಧಿಯು ಲ್ಯಾಟಿನ್ ಸಂಪ್ರದಾಯದ್ದೇ ಉಳಿಯಿತು. ಅಜ್ಜಂದಿರ ಆಚಾರವನ್ನು ಬಿಡದೆ ಅಧಿಕಾರವನ್ನು ಮಾತ್ರ ಬದಲಿಸಿದರು. ನೆರೆಯ ಊರಿನ ಬಂಧುಗಳು ರೋಮಿನ ಸಭೆಯಲ್ಲಿಯೇ ಉಳಿದರು. ಒಂದೇ ಭಾಷೆ, ಒಂದೇ ಪ್ರಾರ್ಥನೆ, ಒಂದೇ ವಿಶ್ವಾಸ. ಆದರೂ ಒಬ್ಬರ ಪ್ರಸಾದವು ಇನ್ನೊಬ್ಬರಿಗೆ ನಿಷಿದ್ಧ. ಮಠಮಠಗಳೊಳಗೆ ಗುರುಪರಂಪರೆ ವಿರಕ್ತಪರಂಪರೆಗಳ ಮೇಲುಕೀಳಿನ ಚರ್ಚೆಯನ್ನು ಕೇಳಿ ಬೆಳೆದವರಿಗೆ ಈ ನೋವು ಅಪರಿಚಿತವಲ್ಲ.

ಇಲ್ಲಿ ವಾಜರು ಸರಿಯೋ ಅಲ್ವಾರಿಸರು ಸರಿಯೋ? ಒಬ್ಬರು ಒಡಕಿನ ಮನೆಯಲ್ಲಿಯೇ ಉಳಿದು ಪದವಿಯನ್ನು ನಿರಾಕರಿಸಿದರು. ಇನ್ನೊಬ್ಬರು ಹೊರನಡೆದು ಪದವಿಯನ್ನು ಸ್ವೀಕರಿಸಿದರು. ರೋಮಿನ ಪಕ್ಷದವರು, ಪಾದ್ರಿಯೊಬ್ಬನು ತನಗೆ ಹಿತವಾಗದ ಆಜ್ಞೆಗಾಗಿ ಸಭೆಯ ಏಕತೆಯನ್ನೇ ಮುರಿಯಬಹುದೇ ಎನ್ನುವರು. ಈ ಮಾತಿಗೆ ತೂಕವಿದೆ. ಗುರ್ವಾಜ್ಞೆಯನ್ನು ಮನಬಂದಾಗ ಮೀರಬಹುದಾದರೆ ಪೀಠವೆಂಬುದೇ ಇರಲಾರದು. ಮಾರ್ ಯೂಲಿಯಸರ ಪಕ್ಷದವರಾದರೋ, ದೊರೆಗಳ ಒಪ್ಪಂದಕ್ಕೆ ಗುರ್ವಾಜ್ಞೆಯೆಂದು ಹೆಸರಿಡಬಹುದೇ ಎಂದು ಮರಳಿ ಕೇಳುವರು. ಅದಕ್ಕೂ ತೂಕವಿದೆ. ಸಿದ್ಧಾಂತದಲ್ಲಿ ಇತ್ಯರ್ಥವಾಗದ ಈ ವ್ಯಾಜ್ಯದಲ್ಲಿ ಆಚಾರವನ್ನೇ ಸಾಕ್ಷಿಗೆ ಕರೆಯಬೇಕಾಗುವುದು.

ಗೋವೆಯ ಸರಕಾರವು ಅಲ್ವಾರಿಸರನ್ನು ಹಿಡಿದು, ಧರ್ಮಾಧ್ಯಕ್ಷರ ಉಡುಪನ್ನು ಕಳಚಿ, ಒಳವಸ್ತ್ರದಲ್ಲಿಯೇ ಬೀದಿಯಲ್ಲಿ ನಡೆಸಿ ಠಾಣೆಗೊಯ್ದಿತು. 1894-95ರಲ್ಲಿ ನಡೆಸಿದ 'ಓ ಬ್ರಾದೊ ಇಂದಿಯಾನೊ' ಪತ್ರಿಕೆಯ ಬರಹಕ್ಕಾಗಿ ರಾಜದ್ರೋಹದ ಆಪಾದನೆಯೂ ಬಂದಿತು. ಇಷ್ಟಾದ ಮೇಲೆ ಅವರು ಕೈಗೊಂಡ ಕಾಯಕವಾದರೂ ಎಂತಹುದು? ವಾಂತಿಭೇದಿಯ ಚಿಕಿತ್ಸೆಯನ್ನು ಕುರಿತು ಪುಸ್ತಿಕೆಯನ್ನು ಬರೆದು ಹಂಚಿದರು; ಬಡವರ ಹೊಟ್ಟೆ ತುಂಬಲೆಂದು ಮರಗೆಣಸಿನ ಬೇಸಾಯವನ್ನು ಹೇಳಿಕೊಟ್ಟರು; ಕುಷ್ಠರೋಗಿಗಳನ್ನೂ ಅನಾಥರನ್ನೂ ಸಾಕಲು ಬಟ್ಟಲು ಹಿಡಿದು ಬೇಡಿದರು. ಗೋವೆಯಲ್ಲಿ ಹೇಳುವ ಕಥೆಯೊಂದಿದೆ: ಅಂಗಡಿಯವನೊಬ್ಬನು ಆ ಬಟ್ಟಲಿನಲ್ಲಿ ಉಗುಳಿದನಂತೆ. ಇದು ತನಗೆ ಸಂದಿತು, ಇನ್ನು ಬಡವರ ಪಾಲನ್ನು ದಯಪಾಲಿಸಬೇಕು ಎಂದು ಅವರು ಬಟ್ಟಲನ್ನು ಮತ್ತೆ ಚಾಚಿದರಂತೆ. ಪೇತ್ರನು ತನ್ನ ಪತ್ರದಲ್ಲಿ, ವಿಶ್ವಾಸಕ್ಕೆ ಕಾರಣವನ್ನು ಕೇಳಿದವರಿಗೆ ಸೌಮ್ಯತೆಯಿಂದ ಉತ್ತರಿಸಲು ಸಿದ್ಧರಾಗಿರಬೇಕೆಂದು ವಿಧಿಸಿರುವನು. ಮತಸಮರ್ಥನೆಯ ವಿಷಯದಲ್ಲಿ ಕ್ರೈಸ್ತ ಪಂಡಿತರು ಉದ್ಧರಿಸುವ ಮೂಲವಾಕ್ಯವದು. ಅದಕ್ಕೆ ಬರೆದ ಭಾಷ್ಯಗಳು ಅನೇಕ. ಆ ಅಂಗಡಿಯ ಬಾಗಿಲಿನಲ್ಲಿ ನಡೆದುದೂ ಒಂದು ಭಾಷ್ಯವೆಂದು ಎಣಿಸಬಹುದು.

1923ನೇ ಸೆಪ್ಟೆಂಬರ್ 23ರಂದು ರಿಬಂದರದ ಆಸ್ಪತ್ರೆಯಲ್ಲಿ ಅಲ್ವಾರಿಸರು ತೀರಿಕೊಂಡರು. ಬಹಿಷ್ಕೃತರಾದ ಕಾರಣ ಇಗರ್ಜಿಯ ನೆಲವು ಅವರಿಗೆ ದೊರೆಯಲಿಲ್ಲ. ಪಣಜಿಯ ಸಾಂತ ಇನೇಜಿನ ಸಾರ್ವಜನಿಕ ಸ್ಮಶಾನದಲ್ಲಿ ಹೂಳಿದರು. ಶವದ ಹಿಂದೆ ಸಾವಿರಾರು ಜನರು ನಡೆದರು. ಅವರಲ್ಲಿ ಹೆಚ್ಚಿನವರು ಬಡವರೂ ಭಿಕ್ಷುಕರೂ. ಅವರ ಅಸ್ಥಿಗಳು ಮುಂದೆ ರಿಬಂದರದ ಸಂತ ಮೇರಿಯ ಇಗರ್ಜಿಯನ್ನು ಸೇರಿದವು. ಬ್ರಹ್ಮಾವರದಲ್ಲಿ ನೊರೊನ್ಹರು ಕಾಯ್ದ ಸಭೆಯು ಸಂತ ಮೇರಿಯ ಸಿರಿಯನ್ ಇಗರ್ಜಿಯಾಗಿ, ಶಾಲೆ ಕಾಲೇಜುಗಳೊಡನೆ ಬೆಳೆದಿದೆ. 2010ರಲ್ಲಿ ಮಲಂಕರ ಸಭೆಯು ಅದನ್ನು ಪ್ರತ್ಯೇಕ ಧರ್ಮಪ್ರಾಂತವನ್ನಾಗಿ ಮಾಡಿತು. 2012ರಲ್ಲಿ ರೋಮಿನ ಸಭೆಯು ಉಡುಪಿಯ ಧರ್ಮಪ್ರಾಂತವನ್ನು ಸ್ಥಾಪಿಸಿ ಕಲ್ಯಾಣಪುರದ ಮಿಲಾಗ್ರಿಸನ್ನು ಅದರ ಪ್ರಧಾನಾಲಯವನ್ನಾಗಿಸಿತು. ಎರಡು ಪೀಠಗಳ ನಡುವೆ ಇರುವ ದೂರವು ಕೆಲವೇ ಮೈಲಿಗಳು.