ಬೇತಾಳ, ನಾಗ ಮತ್ತು ರಾತ್ರಿಯ ಪ್ರೇಮಿ

ಮುಂಬಯಿ ಬಳಿಯ ಖಾರಘರದ ಕನ್ನಡ ಮನೆಗಳಲ್ಲಿ ಹದಿಹರೆಯದ ಮಕ್ಕಳ ಕೈಗೆ ‘ಟ್ವಿಲೈಟ್’ ಕಾದಂಬರಿ ಬಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ರಕ್ತ ಹೀರುವ ಪಿಶಾಚಿಗೂ ಪ್ರೇಮಕ್ಕೂ ಎಲ್ಲಿಯ ನಂಟು, ಇದೆಲ್ಲ ನಮ್ಮದಲ್ಲ ಅನ್ನಿಸುತ್ತದೆ. ಆದರೆ ಆ ನಂಟು ನಮಗೆ ಹಳೆಯದು. ನಮ್ಮವರು ಅದನ್ನು ಇನ್ನೂ ಆಳವಾಗಿಯೇ ಕಂಡಿದ್ದಾರೆ.

ಪಶ್ಚಿಮದ ರಕ್ತಪಿಶಾಚಿ ಕಥೆಗಳ ವಂಶಾವಳಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1819ರಲ್ಲಿ ಪಾಲಿಡೋರಿಯ ಕಥೆ, 1872ರಲ್ಲಿ ‘ಕಾರ್ಮಿಲ್ಲಾ’, 1897ರಲ್ಲಿ ‘ಡ್ರಾಕುಲಾ’. 2005ರ ‘ಟ್ವಿಲೈಟ್’ನಲ್ಲಿ ಸ್ಟೆಫನಿ ಮೇಯರ್ ಕಥೆಯನ್ನು ಹುಡುಗಿಯ ಬಾಯಿಗೇ ಕೊಟ್ಟರು: ಹದಿನೇಳರ ಬೆಲ್ಲಾ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಅವಳು ಒಲಿದ ಪಿಶಾಚಿ ಎಡ್ವರ್ಡ್ 1918ರಿಂದ ಹದಿನೇಳರಲ್ಲೇ ನಿಂತವನು, ಪ್ರಾಣಿಗಳ ರಕ್ತದಲ್ಲೇ ಹಸಿವು ತೀರಿಸಿಕೊಳ್ಳುವವನು. ಬೆಲ್ಲಾಳ ರಕ್ತದ ಗಂಧ ಅವನನ್ನು ಸೆಳೆಯುತ್ತದೆ. ಆ ಸೆಳೆತವನ್ನು ತಡೆದುಕೊಳ್ಳುವುದೇ ಅವನ ಒಲವಿನ ಗುರುತು. ಮೊದಲ ಪ್ರೇಮದ ಆಸೆಯನ್ನೂ ಅಂಜಿಕೆಯನ್ನೂ ಒಂದೇ ರೂಪಕದಲ್ಲಿ ಹಿಡಿದದ್ದು ಈ ಕಾದಂಬರಿಯ ನಿಜವಾದ ಬಲ. ಆದರೆ ಅವಳಿಗೆ ತಿಳಿಯದಂತೆ ರಾತ್ರಿ ಕೋಣೆಗೆ ಬಂದು ಅವಳ ನಿದ್ದೆಯನ್ನು ನೋಡುತ್ತಾ ಕೂರುವುದನ್ನೂ ಅದು ಪ್ರೇಮವೆಂದೇ ಒಪ್ಪಿಬಿಡುತ್ತದೆ.

ಇನ್ನು ನಮ್ಮ ಕಥೆಗಳಿಗೆ ಬರೋಣ. ‘ಡ್ರಾಕುಲಾ’ ಬರುವ 27 ವರ್ಷ ಮೊದಲೇ, 1870ರಲ್ಲಿ, ರಿಚರ್ಡ್ ಬರ್ಟನ್ ನಮ್ಮ ಬೇತಾಳನ ಕಥೆಗಳನ್ನು ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಇಂಗ್ಲಿಷಿಗೆ ತಂದ. ಬೇತಾಳ ಹೆಣದಲ್ಲಿ ಸೇರಿಕೊಳ್ಳುವವನು, ರಕ್ತ ಹೀರುವವನಲ್ಲವಲ್ಲ ಎಂದು ನೀವು ಕೇಳಬಹುದು. ಒಪ್ಪುತ್ತೇನೆ, ನಮ್ಮ ಹೆಚ್ಚುಗಾರಿಕೆ ಇರುವುದೂ ಅಲ್ಲೇ. ಅವರ ಪಿಶಾಚಿ ಮರುಳು ಮಾಡುತ್ತದೆ, ನಮ್ಮ ಬೇತಾಳ ಪ್ರಶ್ನೆ ಕೇಳುತ್ತಾನೆ. ಒಬ್ಬಳ ಗಂಡನ ಮತ್ತು ಇನ್ನೊಬ್ಬನ ತಲೆಗಳು ಅದಲುಬದಲಾದರೆ ಅವಳ ಗಂಡ ಯಾರು? ಗಂಡನ ತಲೆ ಇದ್ದವನೇ ಎಂದು ರಾಜ ವಿಕ್ರಮ ತೀರ್ಪು ಕೊಟ್ಟ. ಆ ತೀರ್ಪಿನಿಂದ ಅವಳ ಆಸೆ ತಣಿಯಿತೇ ಎಂದು 1971ರ ‘ಹಯವದನ’ ನಾಟಕದಲ್ಲಿ ಗಿರೀಶ ಕಾರ್ನಾಡರು ಮತ್ತೆ ಕೇಳಿದರು. ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಮಾಥೇರಾನದಲ್ಲಿ, ಖಾರಘರ ಇರುವ ಇದೇ ರಾಯಗಡ ಜಿಲ್ಲೆಯ ಬೆಟ್ಟದಲ್ಲಿ.

ಕಾರ್ನಾಡರದೇ ‘ನಾಗಮಂಡಲ’ ನಾಟಕದ ನಾಯಕಿ ರಾಣಿಯನ್ನು ನೆನೆಯಿರಿ. ಗಂಡ ಅಪ್ಪಣ್ಣ ಅವಳನ್ನು ಒಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ಗಂಡನನ್ನು ಒಲಿಸಲು ಅಡುಗೆಗೆ ಬೇರು ತೇದು ಹಾಕಿದರೆ ಅದು ರಕ್ತದಂತೆ ಕೆಂಪಾಗುತ್ತದೆ; ಹೆದರಿ ಹುತ್ತಕ್ಕೆ ಸುರಿದುಬಿಡುತ್ತಾಳೆ. ಅದನ್ನು ಕುಡಿದ ನಾಗ ಒಲಿದು, ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಹಗಲಿನ ಗಂಡ ಕ್ರೂರಿ, ರಾತ್ರಿಯವನು ಮೃದು. ನಾಗನೂ ಮೋಸದಿಂದಲೇ ಬಂದವನಲ್ಲವೇ? ಹೌದು. ಆದರೆ ನಾಟಕ ಅದನ್ನು ಮುಚ್ಚಿಡುವುದಿಲ್ಲ. ಬಸಿರಾದ ರಾಣಿ ಊರಿನ ಪಂಚರ ಮುಂದೆ ಹಾವನ್ನು ಹಿಡಿದು ಆಣೆ ಮಾಡಬೇಕಾಗುತ್ತದೆ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು. ಆ ಮಾತಿನ ಪೂರ್ತಿ ನಿಜ ಆಗ ಅವಳಿಗೇ ಗೊತ್ತಿಲ್ಲ. ಕೊನೆಗೆ ಸತ್ತ ಹಾವಿಗೆ ತನ್ನ ಮಗನೇ ಬೆಂಕಿ ಇಡಲಿ ಎಂದು ಅವಳು ಕೇಳುವಾಗ, ಅವಳಿಗೆ ಎಲ್ಲ ತಿಳಿದಿದೆ ಎಂದು ನಮಗೆ ಹೊಳೆಯುತ್ತದೆ.

ಹಾಗಾಗಿ ಮಕ್ಕಳ ಕೈಯಿಂದ ‘ಟ್ವಿಲೈಟ್’ ಕಸಿಯಬೇಡಿ. ಅವರು ಓದಿ ಮುಗಿಸಿದ ಮೇಲೆ ‘ನಾಗಮಂಡಲ’ವನ್ನು ಕೈಗಿಡಿ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ನೀವೇ ಗಟ್ಟಿಯಾಗಿ ಓದಿ ಹೇಳಿ.